ಆರಿಂಚು ಹಿಂದಕ್ಕೆ ಬಂದ ಗೇರ್ ಲಿವರ್

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಬಗ್ಗಿ ತಟ್ಟೆಯ ಅಡಿ ನೋಡುತ್ತೇನೆ. ಯಾರಾದರೂ ಕಾರಣವಿಲ್ಲದೆ ನಕ್ಕು ಮಾತಾಡಿಸಿದರೆ ಆ ದಿನವಿಡೀ ಅದೇ ತಲೆ ಕೊರೆಯುತ್ತದೆ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡು ಇಪ್ಪತ್ತು ವರ್ಷ ಲಾರಿ, ಜೀಪು, ಟ್ರ್ಯಾಕ್ಟರುಗಳ ಹೊಟ್ಟೆ ಬಗೆದವನಿಗೆ ಈ ಗುಣ ಬರದೆ ಇರುವುದಿಲ್ಲ. "ನಿನ್ನೆವರೆಗೂ ಚೆನ್ನಾಗೇ ಇತ್ತು" ಎನ್ನುವ ಡ್ರೈವರನನ್ನು ನಂಬಿ ಉದ್ಧಾರವಾದ ಮೆಕ್ಯಾನಿಕ್ಕನನ್ನು ನಾನಂತೂ ನೋಡಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಕೆಂಪು ಕಾರೊಂದು ಬಂದು ನಿಂತಿತು. ಎರಡೇ ಸೀಟು, ಎರಡೇ ಬಾಗಿಲು, ತಲೆಯ ಮೇಲೆ ಬಿಚ್ಚಿ ಮಡಿಸುವ ಕ್ಯಾನ್ವಾಸು, ಬಾಡಿಯೆಲ್ಲ ಫೈಬರ್. ನೆಲಕ್ಕೆ ಎಷ್ಟು ಹತ್ತಿರ ಎಂದರೆ ನಮ್ಮ ಬೀದಿಯ ನಾಯಿ ತಲೆ ಎತ್ತುವ ಶ್ರಮವಿಲ್ಲದೆ ಕಿಟಕಿಯೊಳಗೆ ಇಣುಕಿ ಹೋಯಿತು. ಸ್ಪೋರ್ಟ್ಸ್ ಕಾರನ್ನು ನಾವು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವರು. ಅದರಿಂದ ಕರಿ ಕನ್ನಡಕದ ಹುಡುಗ ಇಳಿಯುತ್ತಾನೆಂದು ನೋಡುತ್ತಿದ್ದರೆ ಅರವತ್ತು ದಾಟಿದ, ಬಿಳಿ ಪಂಚೆಯ, ಹೆಗಲಿಗೆ ಟವೆಲು ಹಾಕಿದ ಯಜಮಾನರು ಇಳಿದರು. ಮೊಳಕಾಲ್ಮೂರಿನವರು. ಮನೆಯಲ್ಲಿ ಆರು ರೇಷ್ಮೆ ಮಗ್ಗ, ಅದರಲ್ಲಿ ಒಂದಕ್ಕೆ ತಾವೇ ಕೂರುತ್ತಿದ್ದರು. ಬೆಂಗಳೂರಿಗೆ ಸೀರೆ ಕೊಡಲು ಹೋದಾಗ ಈ ಕಾರನ್ನು ಯಾರದೋ ಮನೆಯ ಮುಂದೆ ಮಾರಾಟಕ್ಕಿಟ್ಟದ್ದು ಕಂಡರಂತೆ, ಒಳಗೆ ಕೂತು ನೋಡಿದರಂತೆ.

"ಗುಂಡಿ ಮಗ್ಗದಾಗೆ ಕೂತಂಗೇ ಐತೆ ಮೇಸ್ತ್ರಿ. ನೆಲದ ಸಮಕ್ಕೆ ಕುಂಡಿ, ಮುಂದಕ್ಕೆ ಕಾಲು. ನಲವತ್ತೈದು ವರ್ಷ ಹಂಗೆ ಕೂತೋನು ನಾನು. ಬೇರೆ ಕಾರಾಗೆ ಕೂತ್ರೆ ಕುರ್ಚಿ ಮ್ಯಾಲೆ ಕುಂದ್ರಿಸಿದಂಗೆ ಆಗ್ತೈತೆ" ಎಂದರು.

ಆಮೇಲೆ ಕೆಲಸ ಹೇಳಿದರು. ಗೇರ್ ಲಿವರನ್ನು ಇದ್ದ ಜಾಗದಿಂದ ಆರು ಇಂಚು ಹಿಂದಕ್ಕೆ ತರಬೇಕು.

"ಯಾಕ್ರಿ ಯಜಮಾನ್ರೆ, ಗೇರು ಬೀಳ್ತಾ ಇಲ್ವಾ?"

"ಬೀಳ್ತದೆ."

"ಮತ್ತೆ?"

"ದೂರ ಆಗ್ತದೆ."

"ಸೀಟು ಮುಂದಕ್ಕೆ ಎಳ್ಕೊಂಡ್ರೆ ಆಯ್ತಲ್ರಿ."

"ಮಂಡಿ ಸ್ಟೇರಿಂಗಿಗೆ ಬಡೀತದೆ. ಸೀಟು ಅಲ್ಲೇ ಇರ್ಲಿ. ಗೇರು ಬರ್ಲಿ."

ಆಳು ಆರಡಿ ಎತ್ತರ, ಅದಕ್ಕೆ ತಕ್ಕ ಉದ್ದದ ತೋಳು. ಆ ಲಿವರ್ ಅವರಿಗೆ ದೂರವಾಗುವ ಮಾತೇ ಇರಲಿಲ್ಲ. ಸುಳ್ಳು ಎಂದು ನನಗೆ ಅಲ್ಲೇ ಗೊತ್ತಾಯಿತು. ಯಾಕೆ ಸುಳ್ಳು ಎನ್ನುವುದು ಮಾತ್ರ ಗೊತ್ತಾಗಲಿಲ್ಲ, ಅದೇ ನನ್ನ ನಿದ್ದೆ ಕೆಡಿಸಿದ್ದು.

ಅನುಮಾನ ನನ್ನೊಬ್ಬನ ಸೊತ್ತೇನೂ ಆಗಿರಲಿಲ್ಲ. ಅವರು ಅಂದು ಸಂಜೆಯವರೆಗೆ ಕಾರು ಬಿಟ್ಟು ಹೋಗಲಿಲ್ಲ. ನಾನು ಲಿವರ್ ಬಿಚ್ಚಿ, ಅದರ ಬುಡದ ಪೆಟ್ಟಿಗೆ, ಸಲಾಕೆ, ಬುಷ್ಷುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರೆ, ಅವರು ಜೇಬಿನಿಂದ ಬಣ್ಣದ ರೇಷ್ಮೆ ನೂಲು ತೆಗೆದು ಒಂದೊಂದು ಸಾಮಾನಿಗೂ ಒಂದೊಂದು ಗಂಟು ಹಾಕಿದರು. ಮಗ್ಗದ ಹಾಸಿನಲ್ಲಿ, ಅಂದರೆ ಉದ್ದದ ನೂಲಿನಲ್ಲಿ, ಎಳೆ ಹರಿದಾಗ ನೇಕಾರರು ಹಾಕುವ ಗಂಟು. ಸಾಸಿವೆಗಿಂತ ಚಿಕ್ಕದು, ಬೇರೆಯವರು ಬಿಚ್ಚಿದರೆ ಮತ್ತೆ ಹಾಗೆ ಹಾಕಲು ಬರುವುದಿಲ್ಲ. ಸಾಮಾನು ಬದಲಾದರೆ ಗೊತ್ತಾಗಬೇಕಲ್ಲ ಎಂದು ಮುಖ ನೋಡಿಯೇ ಹೇಳಿದರು. ನೂಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬಲಗೈಯೊಂದರಲ್ಲೇ ಚಕಚಕನೆ ಗಂಟು ಹಾಕುತ್ತಿದ್ದರು. ಕಸುಬಿನ ಕೈಚಳಕ ಅಂದುಕೊಂಡೆ. ಮೈಯೆಲ್ಲ ಉರಿಯುತ್ತಿದ್ದರೂ ಆ ಕೈಯನ್ನು ಮೆಚ್ಚದೆ ಇರಲಾಗಲಿಲ್ಲ.

ಮರುದಿನದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಸಂಜೆ ಬಾಗಿಲು ಹಾಕುವಾಗ ಗಂಟುಗಳನ್ನು ಎಣಿಸಿ ಏಳುತ್ತಿದ್ದರು. ಊಟದ ಹೊತ್ತಿಗೂ ಕದಲುವುದಿಲ್ಲ. ಕಳ್ಳನನ್ನು ಕಾಯುವಂತೆ ನನ್ನನ್ನು ಕಾಯುವ ಈ ಮನುಷ್ಯನನ್ನು ನಾನೂ ಕಾಯತೊಡಗಿದೆ.

ಮೊದಲು ಕಾರೇ ಕದ್ದದ್ದೋ ಎಂದು ನೋಡಿದೆ. ಅವರು ಮೂತ್ರಕ್ಕೆ ಎದ್ದಾಗ ಇಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಆರ್‌ಸಿ ಪುಸ್ತಕಕ್ಕೆ ಹೋಲಿಸಿದೆ. ಸರಿಯಾಗಿಯೇ ಇದ್ದವು. ಆಮೇಲೆ, ಲಿವರ್ ಹಿಂದಕ್ಕೆ ಬಂದರೆ ಮುಂದೆ ಖಾಲಿಯಾಗುವ ಜಾಗ ಯಾತಕ್ಕೆ ಎಂದು ಹುಳ ಹೊಕ್ಕಿತು. ಆಂಧ್ರದ ಗಡಿ ಮೊಳಕಾಲ್ಮೂರಿಗೆ ಕೂಗಳತೆ. ಅಲ್ಲೊಂದು ಗುಟ್ಟಿನ ಪೆಟ್ಟಿಗೆ ಮಾಡಿಸಿ ಅತ್ತಿಂದಿತ್ತ ಏನಾದರೂ ಸಾಗಿಸುತ್ತಾರೋ? ಪಕ್ಕದ ಅಂಗಡಿಯ ವೆಲ್ಡರ್ ನನ್ನ ಹಳೆಯ ಗೆಳೆಯ, ಅವನು ಇನ್ನೂ ಮುಂದೆ ಹೋದ.

"ಎರಡೇ ಸೀಟು ನೋಡ್ಲೇ. ಒಂದು ಅವರಿಗೆ. ಇನ್ನೊಂದು ಯಾರಿಗೆ? ಎಲ್ಲೋ ಚಿಕ್ಕಮನೆ ಐತೆ ಬಿಡು."

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಅವರು ಕೆಲಸ ಕೊಟ್ಟಿದಾರೆ, ಮಾಡಿ ಕಳಸ್ರಿ. ಊರ ಉಸಾಬರಿ ನಿಮಗ್ಯಾಕೆ?" ಎಂದಳು. ಅವಳ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕೆಲಸವೇನೋ ಸುಲಭದ್ದಲ್ಲ. ಆ ಕಾರಿನ ಗೇರ್‌ಬಾಕ್ಸು ಮುಂದೆ ಇಂಜಿನ್ನಿನ ಜೊತೆಗೇ ಇತ್ತು. ಲಿವರಿನ ಬುಡದಿಂದ ಅಲ್ಲಿಗೆ ಉದ್ದನೆಯ ಸಲಾಕೆ. ಲಿವರ್ ಹಿಂದೆ ಬರಬೇಕಾದರೆ ನೆಲದ ತಗಡಿನಲ್ಲಿ ಹೊಸ ಕಿಂಡಿ ಕೊಯ್ದು, ಬುಡದ ಪೆಟ್ಟಿಗೆಯನ್ನು ಹಿಂದೆ ಕೂರಿಸಿ, ಸಲಾಕೆಗೆ ತುಂಡು ಸೇರಿಸಬೇಕು. ಅಡಿಯಲ್ಲಿ ಸೈಲೆನ್ಸರ್ ಪೈಪು ಅಡ್ಡ ಬರುತ್ತಿತ್ತು. ಅದನ್ನು ದಾಟಿಸಲು ಎರಡು ಸಲಾಕೆ ಮಾಡಿ, ನಡುವೆ ಒಂದು ತೂಗುಪಟ್ಟಿ ಇಟ್ಟೆ. ತೂಗುಪಟ್ಟಿಯ ನಡುವಿಗೆ ಬೋಲ್ಟು, ಮೇಲಿನ ತುದಿಗೆ ಒಂದು ಸಲಾಕೆ, ಕೆಳಗಿನ ತುದಿಗೆ ಇನ್ನೊಂದು. ಟ್ರ್ಯಾಕ್ಟರುಗಳಲ್ಲಿ ಹತ್ತಾರು ಬಾರಿ ಮಾಡಿದ ಕೆಲಸ. ಐದನೆಯ ದಿನ ಎಲ್ಲ ಜೋಡಿಸಿ, ನಾನೇ ಕೂತು, ಕಾರನ್ನು ಹಿಂದಕ್ಕೆ ತೆಗೆಯೋಣವೆಂದು ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಕಾರು ಗಕ್ಕನೆ ಮುಂದಕ್ಕೆ ಹಾರಿ, ಗ್ರೀಸ್ ಡಬ್ಬಿಗೆ ಗುದ್ದಿ ಆಫ್ ಆಯಿತು. ಮುಂದಿದ್ದ ಗೇರುಗಳೆಲ್ಲ ಹಿಂದೆ, ಹಿಂದಿದ್ದವು ಮುಂದೆ. ಒಂದನೆಯದು ಎರಡನೆಯದಾಗಿತ್ತು, ರಿವರ್ಸಿನ ಜಾಗದಲ್ಲಿ ಐದನೆಯದು ಕೂತಿತ್ತು.

ನಾನು ಇಳಿದು ತಲೆ ಕೆರೆದುಕೊಳ್ಳುತ್ತಿದ್ದೆ. ಯಜಮಾನರು ಸ್ಟೂಲಿನಿಂದ ಎದ್ದು, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೆನ್ನೆ ಹಚ್ಚಿ ಕಾರಿನ ಅಡಿ ನೋಡಿದರು.

"ಏಮಪ್ಪಾ, ನಡುವೆ ಒಂದು ತೂಗು ಇಟ್ಟೀಯಲ್ಲ. ಮಗ್ಗದಾಗೂ ಹಿಂಗೇ. ಕಾಲಮಣೆಗೆ ಎಳೆ ನೇರ ಕಟ್ಟಿದ್ರೆ ತುಳಿದಾಗ ಕೆಳಕ್ಕೆ ಬರ್ತದೆ. ನಡುವೆ ತೂಗುಕೋಲು ಹಾಕಿದ್ರೆ ತುಳಿದಾಗ ಮ್ಯಾಲಕ್ಕೆ ಹೋಗ್ತದೆ. ಬೋಲ್ಟು ನಡುವಿಗೆ ಬ್ಯಾಡ. ತುದಿಗೆ ಹಾಕು. ಎರಡು ಸಲಾಕೆನೂ ಒಂದೇ ಮಗ್ಗುಲಿಗೆ ಬರ್ಲಿ."

ಹಾಗೆಯೇ ಮಾಡಿದೆ. ಗೇರುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಇಪ್ಪತ್ತು ವರ್ಷದ ಮೆಕ್ಯಾನಿಕ್ಕಿಗೆ ನೇಕಾರರು ಪಾಠ ಹೇಳಿದ್ದನ್ನು ವೆಲ್ಡರ್ ರಸ್ತೆಗೆಲ್ಲ ಸಾರಿದ. ನನಗೆ ನಾಚಿಕೆಯಾಯಿತು, ಆದರೆ ಅಂದು ಮಧ್ಯಾಹ್ನ ನಾವಿಬ್ಬರೂ ಮೊದಲ ಬಾರಿ ಒಟ್ಟಿಗೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅನುಮಾನ ಅಲ್ಲಿಗೆ ಕರಗಬೇಕಿತ್ತು.

ಓಡಿಸಿ ನೋಡಲು ದೊಡ್ಡಉಳ್ಳಾರ್ತಿ ಕಡೆ ಹೋದೆವು. ಹುಲ್ಲುಗಾವಲಿನ ಪಕ್ಕದ ರಸ್ತೆ ನೇರ, ಕುರಿ ದಾಟುವಾಗ ನಿಂತರೆ ಸಾಕು. ಅವರು ಓಡಿಸಿದರು, ನಾನು ಎಡಗಡೆ ಕೂತೆ. ಎಷ್ಟು ನಯವಾಗಿ ಓಡಿಸಿದರೆಂದರೆ, ಗೇರು ಬದಲಾದದ್ದು ಕಿವಿಗೆ ಮಾತ್ರ ತಿಳಿಯುತ್ತಿತ್ತು. ಕ್ಯಾನ್ವಾಸು ಬಿಚ್ಚಿದ್ದೆವು, ಗಾಳಿಗೆ ಅವರ ಟವೆಲು ಹಾರುತ್ತಿತ್ತು, ಅವರು ನಗುತ್ತಿದ್ದರು. ನಾನು ಮಾತ್ರ ಅವರ ಎಡಗೈಯನ್ನೇ ನೋಡುತ್ತಿದ್ದೆ. ಮೊಣಕೈ ಪಕ್ಕೆಗೆ ಅಂಟಿದ್ದು ಬಿಡುವುದೇ ಇಲ್ಲ. ಗೇರು ಹಾಕುವಾಗಲೂ ಬರೀ ಮುಂಗೈ ಆಡುತ್ತದೆ. ಮುಂದಿನ ಗಾಜಿನ ಮೇಲೆ ಧೂಳು ಕೂತಾಗ ಬಲಗೈಯನ್ನು ಸ್ಟೇರಿಂಗಿನಿಂದ ತೆಗೆದು ಒರೆಸಿದರೇ ಹೊರತು ಎಡಗೈ ಚಾಚಲಿಲ್ಲ. ಬಗಲಲ್ಲಿ ಏನೋ ಅವಚಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಂಗಿಯೊಳಗೆ ಪೊಟ್ಟಣ. ಹಗ್ಗ ಕಂಡರೆ ಹಾವು ಅನ್ನುವ ಕಣ್ಣು ನನ್ನದು, ಕಂಡದ್ದನ್ನು ಕಂಡ ಹಾಗೆ ನೋಡುವುದು ಗೊತ್ತಿಲ್ಲ.

ಒಳಗಿನ ಹೊದಿಕೆ ಹಾಕುವ ಕೆಲಸವಷ್ಟೇ ಉಳಿದಿತ್ತು. ಮರುದಿನ ಅವರು ಬಂದು ಸ್ಟೂಲಿನ ಮೇಲೆ ಕೂತ ಮೇಲೆ, ವೆಲ್ಡರನಿಗೆ ಅಂಗಡಿ ಒಪ್ಪಿಸಿ, ಬುಷ್ಷು ತರಬೇಕೆಂದು ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕೆಂಪು ಕಾರಿನವರ ಮನೆ ಎಂದರೆ ಸಾಕಿತ್ತು. ಹೆಂಡತಿಗೆ ಸೀರೆ ಬೇಕು ಎಂದು ಒಳಗೆ ಹೋದೆ. ಅವರ ಮಗ, ನಲವತ್ತರ ಆಸುಪಾಸಿನ ಕುಳ್ಳಗಿನ ಗಟ್ಟಿ ಮನುಷ್ಯ, ಚಾಪೆ ಹಾಸಿ ಸೀರೆ ತೋರಿಸತೊಡಗಿದ. ಯಜಮಾನರ ಹೆಂಡತಿ ಮೂಲೆಯಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದರು. ಆರು ಮಗ್ಗಗಳಲ್ಲಿ ಐದು ಸದ್ದು ಮಾಡುತ್ತಿದ್ದವು, ಆರನೆಯದರ ಗುಂಡಿ ಖಾಲಿಯಿತ್ತು. ನಾನು ಎರಡು ಸೀರೆಯ ಅಂಚು ಸವರಿ, ಚಳ್ಳಕೆರೆಯ ಮೇಸ್ತ್ರಿ ನಾನೇ ಎಂದೆ. ಮಗ ಕಾಫಿ ತರಿಸಿದ.

"ಆಯಿಲ್ ಬದಲಾಯಿಸೋಕೆ ಇಷ್ಟು ದಿನ ಬೇಕಾ ಮೇಸ್ತ್ರಿ?" ಎಂದ.

ಯಜಮಾನರು ಇವರಿಗೆ ಏನೂ ಹೇಳಿಲ್ಲ! ನನ್ನ ಅನುಮಾನಕ್ಕೆ ರೆಕ್ಕೆ ಬಂತು.

"ಆಯಿಲ್ ಎಲ್ಲಿ ಬಂತು? ಗೇರನ್ನೇ ಆರಿಂಚು ಹಿಂದಕ್ಕೆ ತರಿಸ್ತಾ ಇದಾರೆ. ಯಾಕೆ ಅಂತ ಕೇಳಿದ್ರೆ ಹೇಳಲ್ಲ. ಎಡಗಡೆ ಬಗಲಾಗೆ ಏನೋ ಅವಚ್ಕೊಂಡೇ ಇರ್ತಾರೆ, ಕೈ ಎತ್ತೋದೇ ಇಲ್ಲ. ಏನಿಟ್ಕೊಂಡಿರ್ತಾರ್ರೀ ಅಲ್ಲಿ?"

ರಾಟೆ ನಿಂತಿತು. ಆ ತಾಯಿ ಮಗನ ಕಡೆ ತಿರುಗಿ, "ಎಡಮ ಚೆಯ್ಯಿರಾ" ಎಂದರು. ಎಡಗೈ ಕಣೋ. ಅಷ್ಟು ತೆಲುಗು ನನಗೂ ಬರುತ್ತಿತ್ತು. ಆರು ತಿಂಗಳಿಂದ ಅಂಗಿ ಹಾಕಿಕೊಳ್ಳುವಾಗ ಬಾಗಿಲು ಹಾಕಿಕೊಳ್ಳುತ್ತಾರೆ, ಎಣ್ಣೆ ಹಚ್ಚುತ್ತೇನೆಂದರೆ ಗದರುತ್ತಾರೆ ಎಂದು ಆಕೆ ಕನ್ನಡದಲ್ಲಿ ಹೇಳಿದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಗೊತ್ತಿಲ್ಲ.

ಮಗ ಎದ್ದು ಹೋಗಿ ಒಳಗಿನಿಂದ ಬೇರೊಂದು ಸೀರೆ ತಂದ. ಬೆಳಕಿಗೆ ಹಿಡಿದು ಹಿಗ್ಗಿಸಿದ. ನೇಯ್ಗೆ ಜಾಳಾಗಿ ಕಿಂಡಿ ಕಿಂಡಿ ಕಂಡಿತು. ಬಲಗೈ ಲಾಳಿ ಓಡಿಸುತ್ತದೆ, ಎಡಗೈ ಹಲಗೆ ಎಳೆದು ಎಳೆಯನ್ನು ಬಡಿದು ಕೂರಿಸುತ್ತದೆ. ಎಡಗೈಗೆ ಬಲವಿಲ್ಲದಿದ್ದರೆ ಬಟ್ಟೆ ಬಿಗಿಯಾಗುವುದಿಲ್ಲ.

"ಅಪ್ಪನ ಮಗ್ಗದ್ದು. ನೂಲು ಸರಿ ಇಲ್ಲ ಅಂತ ನಾನು ರೇಷ್ಮೆಯೋರ ಹತ್ರ ಜಗಳ ಆಡ್ದೆ" ಎಂದ.

ಆಗ ನನಗೆ ಅರ್ಥವಾಯಿತು. ಹಲ್ಲಲ್ಲಿ ನೂಲು ಕಚ್ಚಿದ್ದು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡದ್ದು, ದೂರ ಆಗ್ತದೆ ಎಂದದ್ದು. ಸುಳ್ಳಲ್ಲ ಅದು. ರಟ್ಟೆ ಹಿಡಿದು ಕೈ ಮುಂದಕ್ಕೆ ಚಾಚದಾಗಿತ್ತು, ಇಡೀ ಮೈ ಬಾಗಿಸಿ ಗೇರು ಹಾಕಿಕೊಂಡು ಚಳ್ಳಕೆರೆವರೆಗೆ ಬಂದಿದ್ದರು. ಗೊತ್ತಾದರೆ ಮಗ್ಗದಿಂದಲೂ ಎಬ್ಬಿಸುತ್ತಾರೆ, ಕಾರಿನಿಂದಲೂ ಇಳಿಸುತ್ತಾರೆ ಎಂದು ಊರು ಬಿಟ್ಟು ಊರಿಗೆ ಬಂದು, ಯಾರಿಗೂ ತಿಳಿಯದ ಹಾಗೆ ಒಂದು ದಾರಿ ಮಾಡಿಕೊಳ್ಳುತ್ತಿದ್ದರು. ನಾನು ಬಸ್ಸು ಹತ್ತಿ ಬಂದು ಅದನ್ನು ಚಾಪೆಯ ಮೇಲೆ ಹರವಿಬಿಟ್ಟಿದ್ದೆ. ಸೀರೆ ಕೊಳ್ಳದೆ ಎದ್ದೆ. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ, ಆದರೆ ಆಡಿದ ಮಾತು, ಒಡೆದ ಮುತ್ತು.

ಮರುದಿನ ಅಪ್ಪ ಬಂದ ಬಸ್ಸಿನ ನಂತರದ ಬಸ್ಸಿಗೆ ಮಗ ಬಂದ. ಅಂಗಡಿಯಲ್ಲಿ ಕೂಗಾಡಲಿಲ್ಲ. "ಕೈ ಎತ್ತಪ್ಪ" ಎಂದ. ಅವರು ಎತ್ತಲಿಲ್ಲ. "ಎತ್ತು" ಎಂದ ಮತ್ತೊಮ್ಮೆ. ಎದೆಯವರೆಗೆ ಬಂದ ಕೈ ಅಲ್ಲೇ ನಿಂತಿತು. ಮಗ ಮುಖ ತಿರುಗಿಸಿಕೊಂಡ. ಇನ್ನು ಮಗ್ಗಕ್ಕೆ ಕೂರುವುದು ಬೇಡ, ಕಾರಿನ ಕೀಲಿ ಕೊಡು ಎಂದ. ಆದರೆ ಕಾರು ಊರು ಸೇರಬೇಕಲ್ಲ, ತಾನೇ ಓಡಿಸುತ್ತೇನೆಂದು ಕೂತ. ಕಾಲು ಎಟುಕಲೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡರೆ ಗೇರ್ ಲಿವರ್ ಅವನ ಸೊಂಟದ ಹಿಂದೆ ಹೋಯಿತು. ಕೈ ತಿರುಚಿ, ಬೆನ್ನು ತಿರುಚಿ, ಬೆವತು ಇಳಿದ. ಕೊನೆಗೆ ಅಪ್ಪನೇ ಓಡಿಸಬೇಕಾಯಿತು, ಮಗ ಎಡಗಡೆ ಕೂತ. ಊರಿಗೆ ಹೋದ ಮೇಲೆ ಕೀಲಿ ತನಗೆ ಎಂದು ಕರಾರು.

ಹೊರಡುವ ಮುನ್ನ ಯಜಮಾನರು ನನ್ನನ್ನು ಹತ್ತಿರ ಕರೆದರು.

"ಸಾಮಾನು ಕದೀತೀಯಾ ಅಂತ ಕಾವಲು ಕೂತಿದ್ದೆ ಮೇಸ್ತ್ರಿ. ನಿನ್ನ ಬಾಯಿ ಕಾಯೋದು ಮರೆತೆ."

ನಾನು ತಲೆ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಎರಡು ತಿಂಗಳ ಮೇಲೆ ಮಗ ಒಬ್ಬನೇ ಬಂದ. ಅಪ್ಪನ ಮಗ್ಗಕ್ಕೆ ಬೇರೆಯವರನ್ನು ಕೂರಿಸಿದ್ದೇವೆ, ಚಿತ್ರದುರ್ಗದ ಡಾಕ್ಟರು ಆ ಕೈ ಇಷ್ಟೇ ಎಂದರು ಎಂದು ಹೇಳಿದ. ಕಾರನ್ನು ಮಾರಬೇಕು, ಆದರೆ ನೋಡಲು ಬಂದವರೆಲ್ಲ ಆ ಗೇರಿನಲ್ಲಿ ಓಡಿಸಲಾರದೆ ಹೋಗುತ್ತಿದ್ದಾರೆ, ಊರಿಗೆ ಬಂದು ಮೊದಲಿನ ಜಾಗಕ್ಕೇ ಕೂರಿಸಿಕೊಡಿ ಎಂದ.

ಅದು ಅರ್ಧ ದಿನದ ಕೆಲಸ. ಹಳೆಯ ಕಿಂಡಿಗೆ ನಾನು ಮುಚ್ಚಿದ್ದು ಬರೀ ಒಂದು ತಗಡು, ನಾಲ್ಕು ಸ್ಕ್ರೂ.

"ಆಗಲ್ರಿ. ಅಡಿ ತಗಡು ಕೊಯ್ದಾಗೈತೆ. ಮತ್ತೆ ಬೆಸುಗೆ ಹಾಕಿದ್ರೆ ಫೈಬರಿಗೆ ಬೆಂಕಿ ಹತ್ತತೈತೆ" ಎಂದೆ.

ವೆಲ್ಡರ್ ತನ್ನ ಅಂಗಡಿಯಿಂದ ನನ್ನನ್ನು ಒಂದು ನೋಟ ನೋಡಿದ. ಮಗ ಬೇರೆಯವರನ್ನು ಕೇಳುತ್ತೇನೆಂದು ರಸ್ತೆಗಿಳಿದ. ಅವನು ಮುಂದಿನ ಬಾಗಿಲಿನಿಂದ ಹೋದರೆ ವೆಲ್ಡರ್ ಹಿಂದಿನ ಸಂದಿಯಿಂದ ಓಡಿದ. ಮುಕ್ಕಾಲು ಗಂಟೆಯ ಮೇಲೆ ಮಗ ವಾಪಸು ಬಂದು ನನ್ನೆದುರು ನಿಂತ.

"ಐದು ಅಂಗಡಿ ಕೇಳ್ದೆ. ಐದೂ ಜನ ಫೈಬರಿಗೆ ಬೆಂಕಿ ಹತ್ತತೈತೆ ಅಂದ್ರು. ಸೈಕಲ್ ರಿಪೇರಿಯೋನೂ ಅದನ್ನೇ ಅಂದ. ನಿಮ್ಮ ಮ್ಯಾಲೆ ನಂಗೆ ಅನುಮಾನ ಐತೆ ಮೇಸ್ತ್ರಿ."

"ಇರ್ಲಿ ಬಿಡ್ರಿ" ಎಂದೆ. ನನ್ನ ಜೀವಮಾನದಲ್ಲಿ ನಾನು ಕಂಡ ಅನುಮಾನಗಳಲ್ಲಿ ಪೂರ್ತಿ ಸರಿಯಾದದ್ದು ಅದೊಂದೇ.

ಅದಾಗಿ ಕೆಲವು ವಾರದ ಮೇಲೆ ಮನಸ್ಸು ತಡೆಯಲಿಲ್ಲ. ಹೋಗಬಾರದಿತ್ತು, ಆದರೂ ಹೋದೆ. ಮೊದಲ ಬಸ್ಸು ಮೊಳಕಾಲ್ಮೂರು ಮುಟ್ಟಿದಾಗ ಬಿಸಿಲು ಆಗಷ್ಟೇ ಓಣಿಗೆ ಇಳಿಯುತ್ತಿತ್ತು. ಹೊಸ ಸೀರೆಗೆ ಹಾಸು ಸಿದ್ಧ ಮಾಡುವುದು ಬೀದಿಯಲ್ಲೇ. ಆ ತುದಿಯಿಂದ ಈ ತುದಿಗೆ ಎಳೆಗಳನ್ನು ಬಿಗಿದು, ಹರಿದದ್ದನ್ನು ಕೂಡಿಸಿ, ಸುತ್ತಿ ಒಳಗೆ ಒಯ್ಯುತ್ತಾರೆ. ಗಾಳಿ ಏಳುವ ಮುಂಚೆ ಆಗಬೇಕು. ಆ ಓಣಿಯ ನಟ್ಟನಡುವೆ, ಯಾವ ಕೊಟ್ಟಿಗೆಗೂ ಹೋಗದ ಕೆಂಪು ಕಾರು ನಿಂತಿತ್ತು. ನಾಲ್ಕು ಮನೆಯವರು ಹಾಸಿನ ಉಂಡೆ ಹಿಡಿದು ಕಾಯುತ್ತಿದ್ದರು.

ಮಗ ಹೊರಗೆ ಬಂದ. ಯಾರ ಮುಖವನ್ನೂ ನೋಡದೆ ಜಗಲಿಯ ಮೇಲೆ ಕೂತ ಅಪ್ಪನ ಕಡೆಗೆ ಕೀಲಿ ಚಾಚಿದ.

ಯಜಮಾನರು ನಿಧಾನಕ್ಕೆ ಎದ್ದು, ಕಾರಿನೊಳಗೆ ಇಳಿದು, ಮೊಣಕೈ ಪಕ್ಕೆಗೆ ಒತ್ತಿ, ಅಷ್ಟುದ್ದ ಓಣಿಯನ್ನು ರಿವರ್ಸಿನಲ್ಲೇ ಗೋಡೆ ಸವರದೆ ದಾಟಿದರು. ಹಾಸು ಎಳೆಯಲು ಜಾಗ ಬಿಡಬೇಕಾದರೆ ತಿರುವಿನ ತನಕ ಹೋದರೆ ಸಾಕಿತ್ತು. ಕಾರು ಹಾನಗಲ್ ರಸ್ತೆಗೆ ತಿರುಗಿ ಮರೆಯಾಯಿತು.

"ದಿನಾ ಹಿಂಗೇ. ಹಾಸು ಎತ್ತೋವರೆಗೂ ಬರಲ್ಲ" ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. ಬೇಸರದ ದನಿ ಮಾಡಿದ್ದರು, ಆದರೆ ಬೇಸರ ಇರಲಿಲ್ಲ.

ಎರಡು ಗಂಟೆಯ ಮೇಲೆ ಬಂದವರು ನನ್ನನ್ನು ಕಂಡು ಕಾರಿನಲ್ಲೇ ಕೂತರು. ನಾನು ಹತ್ತಿರ ಹೋಗಿ ಬಗ್ಗಿ ನಿಂತೆ.

"ಹಳೇ ಜಾಗಕ್ಕೆ ಹಾಕೋಕೆ ಆಗಲ್ಲ ಅಂದ್ಯಂತೆ?"

"ಹೂಂ ರೀ."

"ನಿಜವಾಗ್ಲೂ ಆಗಲ್ವಾ?"

"ನಿಜವಾಗ್ಲೂ ಆಗಲ್ಲ ಯಜಮಾನ್ರೆ."

ಅವರು ನನ್ನ ಕಣ್ಣನ್ನೇ ನೋಡಿದರು. ಬಹಳ ಹೊತ್ತು ನೋಡಿದರು, ನಾನೂ ಈ ಬಾರಿ ತಲೆ ತಗ್ಗಿಸಲಿಲ್ಲ.

"ಹಂಗಾದ್ರೆ ನೀನು ಅಂಥಾ ಒಳ್ಳೇ ಮೆಕ್ಯಾನಿಕ್ ಏನಲ್ಲ ಬಿಡು" ಎಂದರು.

ಅಲ್ಲ ರೀ ಎಂದು ಒಪ್ಪಿಕೊಂಡೆ.